ಊರಾಗ ಗುಟ್ಟು ನಿಲ್ಲಂಗಿಲ್ಲ, ಸಿಟೀಲಿ ಆಳು ಸಿಗಲ್ಲ

ಹೋದ ತಿಂಗಳ ಕಾಲಂನಲ್ಲಿ ಎಚ್‌ಐವಿ ಬಗ್ಗೆ ಒಂದೇ ಪ್ರಶ್ನೆ ಇತ್ತು, ಎರಡು ಸಾಲಲ್ಲಿ ಉತ್ತರ ಬರ್ದು ಮುಗಿಸಿದ್ದೆ. ಅದಕ್ಕೆ ಬಂದ ಪತ್ರ, ಮೆಸೇಜು ನೋಡಿದ್ರೆ ಜನ ಕೇಳೋಕೆ ಎಷ್ಟು ವರ್ಷದಿಂದ ಕಾಯ್ತಾ ಇದ್ರೋ ಅನ್ನಿಸ್ತು, ಹಾಗಾಗಿ ಈ ಸಲ ಪೂರ್ತಿ ಅದೇ. ಹೊಸಬರಿಗೆ ಹೇಳೋದಾದ್ರೆ ನಾನು ಡಾಕ್ಟರ್ ಅಲ್ಲ, ಬೆಳಗಾವಿ ವಿಭಾಗದ ಒಂದು ತಾಲ್ಲೂಕು ಆಸ್ಪತ್ರೆಲಿ 14 ವರ್ಷ ಐಸಿಟಿಸಿ ಕೌನ್ಸೆಲರ್ ಆಗಿದ್ದೆ. ಐಸಿಟಿಸಿ ಅಂದ್ರೆ ಎಚ್‌ಐವಿ ಟೆಸ್ಟ್ ಮಾಡಿ, ಮಾಡೋಕೆ ಮುಂಚೆ ಮಾಡಿದ ಮೇಲೆ ಕೂತು ಮಾತಾಡೋ ಸರ್ಕಾರಿ ಕೇಂದ್ರ. ಯಾರ ಹೆಸರೂ ಹಾಕಿಲ್ಲ, ಊರನ್ನೂ ದೂರದಿಂದ ಹೇಳಿದೀನಿ.

ಪ್ರಶ್ನೆ: ನಮಸ್ಕಾರ್ರೀ ಅಕ್ಕಾರ. ನಮ್ಮೂರಿಗೆ ಎಚ್‌ಐವಿ ಕೆಲಸದ ಒಬ್ಬಾಕಿ ಲಿಂಕ್ ವರ್ಕರ್ ಬರ್ತಾಳ. ಆಕಿ ಯಾರ ಮನಿಗೆ ಹೋದ್ಲು ಅಂದ್ರ ಸಂಜಿ ಅನ್ನೂದ್ರಾಗ ಊರ ತುಂಬ ಸುದ್ದಿ, ಅವರ ಮನ್ಯಾಗ ಯಾರಿಗೋ ಐತಂತ ಅಂತ. ಮೊನ್ನೆ ನಮ್ಮ ಮನಿಗೆ ಬಂದು ಬರೇ ನೀರು ಕುಡ್ದು ಹೋದ್ಲು, ಈಗ ನಮ್ಮತ್ತಿ ನನ್ನ ಜೋಡಿ ಮಾತು ಬಿಟ್ಟಾಳ. ಸರ್ಕಾರದವ್ರು ದವಾಖಾನ್ಯಾಗ ಕುಂತು ಕರದ್ರ ಸಾಲ್ದೇನು, ಮನಿಮನಿ ಯಾಕ ಅಡ್ಡಾಡ್ತಾರ?
— ಮುಧೋಳ ಕಡೆಯ ಓದುಗರು

ಉತ್ತರ: ತಂಗೀ, ನಿಮ್ಮತ್ತಿ ಮಾತು ಬಿಟ್ಟಿದ್ದು ಓದಿ ನಗೂನೂ ಬಂತು, ಸಂಕಟಾನೂ ಆಯ್ತು. ದವಾಖಾನೇಲಿ ಕೂತು ಕರೆಯೋದನ್ನ ನಾವು ಮಾಡಿದೀವಮ್ಮಾ. ಬಾಗಿಲ ಮೇಲೆ ದೊಡ್ಡ ಕೆಂಪು ರಿಬ್ಬನ್ ಚಿತ್ರ ಇರೋ ರೂಮಿಗೆ ಯಾರು ಬರ್ತಾರೆ ಹೇಳಿ? ಎದುರಿಗೇ ಮಾತ್ರೆ ಕೊಡೋ ಕಿಟಕಿ, ಅಲ್ಲಿ ಕ್ಯೂ ನಿಂತವ್ರಲ್ಲಿ ಒಬ್ರಾದ್ರೂ ನಿಮ್ಮೂರವ್ರು ಇದ್ದೇ ಇರ್ತಾರೆ. ನಮ್ಮ ರೂಮಿಗೆ ಬರೋರು ಮೊದ್ಲು ಪಕ್ಕದ ಹಲ್ಲಿನ ಡಾಕ್ಟರ ಬೆಂಚಲ್ಲಿ ಕೂತ್ಕೊಂಡು, ಕ್ಯೂ ಖಾಲಿ ಆದ್ಮೇಲೆ ಸರಕ್ಕಂತ ಒಳಗೆ ಬರೋರು.

ನಿಮ್ಮ ಜಿಲ್ಲೆಗೇ ಯಾಕೆ ಅಂದ್ರೆ, 2003ರ ಸುಮಾರಿಗೆ ಬಾಗಲಕೋಟೆ ಜಿಲ್ಲೇಲಿ ಒಂದು ಸರ್ವೆ ಆಯ್ತು, ಅದರಲ್ಲಿ ವಯಸ್ಕರಲ್ಲಿ 100ಕ್ಕೆ ಸುಮಾರು 3 ಜನಕ್ಕೆ ಸೋಂಕು ಕಂಡ್ತು, ಅದೂ ಪಟ್ಟಣಕ್ಕಿಂತ ಹಳ್ಳೀಲೇ ಜಾಸ್ತಿ. ಅಲ್ಲೀತನಕ ಇದು ಸಿಟಿ ರೋಗ, ಲಾರಿ ಡ್ರೈವರ್ ರೋಗ ಅಂತಲೇ ಎಲ್ರೂ ಮಾತಾಡ್ತಿದ್ದಿದ್ದು. ಕಬ್ಬು ಕಡಿಯೋಕೆ, ಗೌಂಡಿ ಕೆಲ್ಸಕ್ಕೆ ಮಹಾರಾಷ್ಟ್ರ ಗೋವಾಕ್ಕೆ ಹೋಗಿ ಬರೋರು ಎಷ್ಟು ಜನ ಅಂತ ನಿಮಗೇ ಗೊತ್ತು, ಮೇಲಿಂದ ದೇವದಾಸಿ ಪದ್ಧತಿ, 1982ರಲ್ಲೇ ಕಾಯ್ದೆ ಮಾಡಿ ನಿಷೇಧ ಮಾಡಿದ್ರೂ ಅದರಲ್ಲಿ ಸಿಕ್ಕಿದ ಹೆಣ್ಮಕ್ಕಳ ಬದುಕು ಒಂದೇ ದಿನಕ್ಕೆ ಬದಲಾಗ್ಲಿಲ್ಲ. ಇಂಥವ್ರೆಲ್ಲಾ ಇರೋದು ಹಳ್ಳೀಲಿ, ಐಸಿಟಿಸಿ ಇರೋದು ತಾಲ್ಲೂಕಲ್ಲಿ. ನಡುವೆ ಒಂದು ಕೊಂಡಿ ಬೇಕಲ್ಲ ಅಂತ 2007ರಿಂದೀಚೆಗೆ, ಎನ್‌ಎಸಿಪಿ ಅನ್ನೋ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೂರನೇ ಹಂತದಲ್ಲಿ, ಲಿಂಕ್ ವರ್ಕರ್ ಸ್ಕೀಮ್ ತಂದ್ರು. ಸೋಂಕು ಹೆಚ್ಚಿರೋ ಜಿಲ್ಲೇಲಿ ಅಪಾಯ ಜಾಸ್ತಿ ಇರೋ ನೂರರ ಆಸುಪಾಸು ಊರು ಆರಿಸ್ಕೊಳ್ಳೋದು, ಅದೇ ಕಡೆಯ ಹುಡುಗೀನೋ ಹುಡುಗನ್ನೋ ನೇಮಿಸೋದು, ಅವ್ರು ಮಾತಾಡ್ಸಿ, ಟೆಸ್ಟಿಗೆ ಕಳ್ಸಿ, ಮಾತ್ರೆ ಬಿಟ್ಟೋರನ್ನ ಹುಡ್ಕಿ, ಕಿರಾಣಿ ಅಂಗಡೀಲಿ ಕಟಿಂಗ್ ಶಾಪಲ್ಲಿ ಕಾಂಡೋಮ್ ಡಬ್ಬಿ ಇಡಿಸೋದು.

ಆದ್ರೆ ಈಗ ನೀವು ಹೇಳಿದ ತೊಂದ್ರೆ ಇದೆಯಲ್ಲ, ಅದು ಈ ಸ್ಕೀಮಿನ ಹೊಟ್ಟೇಲೇ ಇದೆ. ಊರವಳು ಆದ್ರಷ್ಟೇ ಜನ ಬಾಗಿಲು ತೆಗೀತಾರೆ, ಊರವಳು ಆಗಿದ್ದಕ್ಕೇ ಯಾವ ಬಾಗಿಲಿಗೆ ಹೋದ್ಲು ಅಂತ ಎಲ್ರೂ ಲೆಕ್ಕ ಇಡ್ತಾರೆ. ನಮ್ಮ ತಾಲ್ಲೂಕಲ್ಲಿ ಒಬ್ಬಾಕೆ ಇದ್ಲು, ಒಂದು ಮನೆಗೆ ಕೆಲ್ಸ ಇದ್ರೆ ಆ ಓಣೀಲಿರೋ ಹತ್ತೂ ಮನೆಗೆ ಹೋಗೋಳು. ಇಲ್ಲಿ ಟಿಬಿ ಕೆಮ್ಮಿನ ಮಾತು, ಅಲ್ಲಿ ರಕ್ತಹೀನತೆ, ಇನ್ನೊಂದ್ಕಡೆ ಸುಮ್ನೆ ಮಗಳ ಮದ್ವೆ ಮಾತು. "ಒಬ್ಬರ ಸಲುವಾಗಿ ಹತ್ತು ಮನಿ ಮಜ್ಜಿಗಿ ಕುಡ್ದು ನೆಗಡಿ ಹಿಡೀತ್ರೀ ಮೇಡಂ" ಅಂತ ನನ್ನ ಟೇಬಲ್ ಮುಂದೆ ಕೂತು ಮೂಗು ಒರೆಸ್ಕೊಂಡಿದ್ಲು ಒಂದಿನ. ಆಕೆ ಊರಲ್ಲಿ ಯಾರ ಗುಟ್ಟೂ ಬಯಲಾಗ್ಲಿಲ್ಲ. ಆ ಕಾಂಡೋಮ್ ಡಬ್ಬೀದೂ ಇದೇ ಕಥೆ, ಕಟಿಂಗ್ ಶಾಪಲ್ಲಿ ಕನ್ನಡಿ ಮುಂದೆ ಇಟ್ಟಾಗ ತಿಂಗಳಾದ್ರೂ ತುಂಬಿದ್ದು ತುಂಬಿದಂಗೇ ಇತ್ತು, ಹಿಂದ್ಗಡೆ ನೀರಿನ ಟಾಕಿ ಪಕ್ಕ ಇಟ್ಟ ಮೇಲೆ ವಾರಕ್ಕೆ ಖಾಲಿ.

ನಿಮ್ಮೂರಿಗೆ ಬರೋಳಿಗೆ ನೀವೇ ಹೇಳಿ, ಓಣಿ ತುಂಬಾ ಅಡ್ಡಾಡವಾ ಇಲ್ಲಾ ಸಂಘದ ಮೀಟಿಂಗಿಗೆ ಬಾ ಅಂತ. ಅತ್ತೇರನ್ನೂ ಆ ಮೀಟಿಂಗಿಗೆ ಕರ್ಕೊಂಡು ಹೋಗಿ.

ಪ್ರಶ್ನೆ: ಸೊಳ್ಳೆ ಕಚ್ಚಿದ್ರೆ, ಕಟಿಂಗ್ ಶಾಪಲ್ಲಿ ಶೇವ್ ಮಾಡಿಸಿದ್ರೆ, ರಕ್ತ ಹಾಕಿಸ್ಕೊಂಡ್ರೆ ಬರುತ್ತಾ?
— ತುಮಕೂರು

ಉತ್ತರ: ಸೊಳ್ಳೆಯಿಂದ ಬರಲ್ಲ. ನೂರನೇ ಸಲ ಬರೀತಿದೀನಿ. ಶೇವಿಂಗಿಗೆ ಹೊಸ ಬ್ಲೇಡ್ ಹಾಕ್ಸಿ, ಅದು ಎಲ್ಲದಕ್ಕೂ ಒಳ್ಳೇದು. ರಕ್ತದ ಭಯ ಮಾತ್ರ ಒಂದು ಕಾಲಕ್ಕೆ ನಿಜಾನೇ ಆಗಿತ್ತು, ದುಡ್ಡಿಗೆ ರಕ್ತ ಮಾರೋರೇ ಇದ್ರು. ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದ ಮೇಲೆ 1998ರ ಜನವರಿಯಿಂದ ಅದು ಬಂದ್ ಆಯ್ತು, ಈಗ ಬ್ಲಡ್ ಬ್ಯಾಂಕಲ್ಲಿ ಪ್ರತಿ ಬಾಟ್ಲಿಗೂ ಎಚ್‌ಐವಿ ಟೆಸ್ಟ್ ಕಡ್ಡಾಯ. ಸರ್ಕಾರದ ತಡೆ ಕೆಲ್ಸ ಅಂದ್ರೆ ಎಲ್ರಿಗೂ ಬೀದಿ ನಾಟಕ, ಕಾಂಡೋಮ್ ಅಷ್ಟೇ ನೆನಪಾಗೋದು, ಸದ್ದಿಲ್ದೆ ನಡೆದು ಜೀವ ಉಳಿಸಿದ್ದು ಇದು.

ಪ್ರಶ್ನೆ: ಮೇಡಂ, ನಾನು ವೈಟ್‌ಫೀಲ್ಡ್ ಹತ್ರ ಪಿಜಿಲಿ ಇರೋದು, 26 ವರ್ಷ. ಆ್ಯಪಲ್ಲಿ ಪರಿಚಯ ಆದ ಒಬ್ರ ಜೊತೆ 3 ವಾರದ ಹಿಂದೆ ಸೆಕ್ಸ್ ಆಯ್ತು, ಕಾಂಡೋಮ್ ಇರ್ಲಿಲ್ಲ. ಆವತ್ತಿಂದ ನಿದ್ದೆ ಇಲ್ಲ, ಬರೀ ಗೂಗಲ್. ಲ್ಯಾಬಿಗೆ ಹೋದ್ರೆ ಆಫೀಸ್ ಇನ್ಶೂರೆನ್ಸಿಗೆ ಗೊತ್ತಾಗುತ್ತಾ? ಇಷ್ಟು ದೊಡ್ಡ ಊರಲ್ಲಿ ಒಬ್ರೂ ಈ ಬಗ್ಗೆ ಮಾತಾಡಿದ್ದು ನಾನು ಕೇಳಿಲ್ಲ.
— ಹೆಸರು ಬೇಡ

ಉತ್ತರ: ತಮ್ಮಾ, ಮೊದ್ಲು ಗೂಗಲ್ ಮುಚ್ಚು. ಇಂಥದ್ದು ಆದ 72 ಗಂಟೆ ಒಳಗೆ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗಿದ್ರೆ ಪಿಇಪಿ ಅಂತ 28 ದಿನದ ಮಾತ್ರೆ ಇದೆ, ಸೋಂಕು ಬೇರು ಬಿಡದ ಹಾಗೆ ತಡೆಯೋಕೆ. ಬೇಗ ಶುರು ಮಾಡಿದಷ್ಟೂ ಒಳ್ಳೇದು. ನಿನಗೆ ಆ ಹೊತ್ತು ದಾಟಿದೆ, ಆದ್ರೆ ಇದನ್ನ ಓದ್ತಿರೋ ಇನ್ನೊಬ್ರಿಗೆ ದಾಟಿರಲಿಕ್ಕಿಲ್ಲ ಅಂತ ಬರ್ದೆ.

ಈಗ ನೀನು ಮಾಡ್ಬೇಕಾಗಿರೋದು ಟೆಸ್ಟ್. 3 ವಾರಕ್ಕೆ ನೆಗೆಟಿವ್ ಬಂದ್ರೆ ಅದು ಪೂರ್ತಿ ಮಾತಲ್ಲ, ದೇಹ ಪ್ರತಿಕಾಯ ಮಾಡೋಕೆ ಟೈಮ್ ತಗೊಳತ್ತೆ, ಅದಕ್ಕೇ ವಿಂಡೋ ಪೀರಿಯಡ್ ಅಂತೀವಿ, 3 ತಿಂಗಳಿಗೆ ಇನ್ನೊಂದ್ಸಲ ಮಾಡಿಸ್ಬೇಕು. ಹತ್ರದ ಸರ್ಕಾರಿ ಆಸ್ಪತ್ರೆ ಐಸಿಟಿಸಿಗೆ ಹೋಗು, ದುಡ್ಡಿಲ್ಲ. ಎಲ್ಲಿದೆ ಅಂತ ಗೊತ್ತಾಗದಿದ್ರೆ 1097ಕ್ಕೆ ಫೋನ್ ಮಾಡು, ಅದೂ ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು. ಒಳಗೆ ಏನಾಗುತ್ತೆ ಅಂದ್ರೆ, ಕೌನ್ಸೆಲರ್ ಬಾಗಿಲು ಹಾಕ್ಕೊಂಡು ಹತ್ತು ನಿಮಿಷ ಮಾತಾಡ್ತಾರೆ, ನೀನು ಒಪ್ಪಿದ ಮೇಲೆ ಲ್ಯಾಬಿನೋರು ಸ್ವಲ್ಪ ರಕ್ತ ತಗೊಳ್ತಾರೆ, ಬೆರಳುದ್ದದ ಪ್ಲಾಸ್ಟಿಕ್ ಪಟ್ಟಿ ಮೇಲೆ ಒಂದು ಹನಿ, ಅರ್ಧ ಗಂಟೆ ಒಳಗೆ ಗೆರೆ ಮೂಡುತ್ತೆ. ಒಂದೇ ಗೆರೆ ಅಂದ್ರೆ ಕಿಟ್ ಸರಿಯಾಗಿ ಕೆಲ್ಸ ಮಾಡಿದೆ, ಸೋಂಕು ಕಂಡಿಲ್ಲ ಅಂತ. ಎರಡನೇ ಗೆರೆ ಬಂದ್ರೆ ಅಷ್ಟಕ್ಕೇ ಪಾಸಿಟಿವ್ ಅನ್ನಲ್ಲ, ಬೇರೆ ಬೇರೆ ಥರದ ಇನ್ನೆರಡು ಕಿಟ್ಟಲ್ಲಿ ನೋಡಿ ಆಮೇಲೆ ಹೇಳ್ತಾರೆ. ಆ ಅರ್ಧ ಗಂಟೆ ಇದೆಯಲ್ಲ, ಅದಕ್ಕಿಂತ ಉದ್ದದ ಅರ್ಧ ಗಂಟೆ ನಾನು ನೋಡಿಲ್ಲ, ಜನ ಗೋಡೆ ಮೇಲಿನ ಪೋಸ್ಟರನ್ನ ಅಕ್ಷರ ಬಿಡದಂಗೆ ಬಾಯಿಪಾಠ ಮಾಡಿಬಿಡ್ತಿದ್ರು. ರಿಪೋರ್ಟ್ ನಿನ್ನ ಕೈಗೇ ಕೊಡ್ತಾರೆ, ಆಫೀಸಿಗೆ ಕಳ್ಸೋಕೆ ಯಾರಿಗೂ ಹಕ್ಕಿಲ್ಲ, 2017ರ ಎಚ್‌ಐವಿ ಕಾಯ್ದೆನೇ ಇದೆ ಅದಕ್ಕೆ, 2018ರ ಸೆಪ್ಟೆಂಬರ್ 10ರಿಂದ ಜಾರೀಲಿದೆ. ಕೆಲ್ಸಕ್ಕೆ ಸೇರಿಸ್ಕೊಳ್ಳೋಕೆ ಎಚ್‌ಐವಿ ಟೆಸ್ಟ್ ಮಾಡ್ಸು ಅನ್ನೋದೂ ಅದರ ಪ್ರಕಾರ ತಪ್ಪು.

ಒಬ್ರೂ ಮಾತಾಡಿದ್ದು ಕೇಳಿಲ್ಲ ಅಂದ್ಯಲ್ಲ, ಅದು ನಿಜ ಕಣಪ್ಪಾ. ಸಿಟೀಲಿ ಸರ್ಕಾರದ ದಾರಿ ಬೇರೆ. ಇಲ್ಲಿ ಮನೆಮನೆ ಹೋಗಲ್ಲ, ಅಪಾಯ ಎಲ್ಲಿ ಹೆಚ್ಚೋ ಅಲ್ಲಿಗೆ ಎನ್‌ಜಿಓಗಳ ಕೈಲಿ ಕೆಲ್ಸ ಮಾಡಿಸ್ತಾರೆ, ಟಿಐ ಅಂತಾರೆ ಅದನ್ನ, ಅದೇ ಸಮುದಾಯದ ಪೀರ್ ವರ್ಕರುಗಳು ಬಸ್ ಸ್ಟ್ಯಾಂಡು, ಪಾರ್ಕು, ಲಾಡ್ಜ್ ಇರೋ ಬೀದಿ ಸುತ್ತಿ ಮಾತಾಡ್ಸಿ ಟೆಸ್ಟಿಗೆ ಕರ್ಕೊಂಡು ಬರ್ತಾರೆ. ಜನ ಬೀದೀಲಿ ಸೇರೋ ಕಾಲದಲ್ಲಿ ಈ ಲೆಕ್ಕಾಚಾರ ಚೆನ್ನಾಗಿ ನಡೀತು. ಈಗ ಸೇರೋದೇ ಫೋನಲ್ಲಿ, ಪಿಜಿ ರೂಮಲ್ಲಿ, ಅಲ್ಲಿ ಪೀರ್ ವರ್ಕರ್ ಯಾವ ಮೂಲೇಲಿ ನಿಂತ್ಕೋಬೇಕು? ಈಗ ಆ್ಯಪ್ ಒಳಗೇ ಪ್ರೊಫೈಲ್ ಇಟ್ಕೊಂಡು ಮಾತಾಡ್ಸೋ ಕೆಲ್ಸಾನೂ ಶುರುವಾಗಿದೆ, ಆದ್ರೆ ನಿನ್ನಂಥ ಆಫೀಸ್ ಹುಡುಗರು ತಾವು ಅಪಾಯ ಇರೋರ ಪಟ್ಟಿಗೆ ಸೇರಿದೋರೇ ಅಲ್ಲ ಅಂದ್ಕೊಂಡಿರ್ತಾರೆ. ಊರಲ್ಲಿ ಗುಟ್ಟು ಉಳಿಯಲ್ಲ ಅಂತ ಜನ ಟೆಸ್ಟಿಗೆ ಬರಲ್ಲ, ಇಲ್ಲಿ ಗುಟ್ಟಿಗೇನೂ ಬರ ಇಲ್ಲ, ಬಾ ಅಂತ ಕರೆಯೋ ಆಳಿಲ್ಲ ಅಷ್ಟೇ. ನಾಳೆನೇ ಹೋಗು.

ಪ್ರಶ್ನೆ: ಮೇಡಂ ನಾನು ಆಶಾ ಕಾರ್ಯಕರ್ತೆ. ಬಸುರಿ ಆದ ಕೂಡ್ಲೇ ಎಚ್‌ಐವಿ ಟೆಸ್ಟ್ ಮಾಡಿಸ್ಬೇಕು ಅಂದ್ರೆ ಗಂಡನ ಮನೆಯೋರು ನನ್ನ ಮೇಲೇ ಹಾರಾಡ್ತಾರೆ, ನಮ್ಮ ಸೊಸೆ ಅಂಥೋಳಾ ಅಂತ. ಏನ್ ಹೇಳ್ಲಿ?
— ಚಿತ್ರದುರ್ಗ ಜಿಲ್ಲೆ

ಉತ್ತರ: "ಅಂಥೋಳಾ" ಅನ್ನೋ ಮಾತನ್ನೇ ಮೊದ್ಲು ತೆಗೀಬೇಕು. ನಾನು ಹೇಳ್ತಿದ್ದಿದ್ದು ಹೀಗೆ, ಅಜ್ಜೀ, ಇದು ಸೊಸೆ ಟೆಸ್ಟ್ ಅಲ್ಲ, ಮೊಮ್ಮಗೂಂದು. ತಾಯಿ ಕಾರ್ಡಲ್ಲಿ ಹಿಮೋಗ್ಲೋಬಿನ್ ಇದೆ, ಶುಗರ್ ಇದೆ, ಇದೂ ಒಂದು, ಎಲ್ಲಾ ಬಸುರೀರಿಗೂ. ಎಲ್ರಿಗೂ ಅಂದ ತಕ್ಷಣ ಅರ್ಧ ಬಿಸಿ ಇಳಿಯುತ್ತೆ.

ಇನ್ನು ವಿಷಯ. ಏನೂ ಔಷಧಿ ಮಾಡದಿದ್ರೆ ಸೋಂಕಿರೋ 100 ತಾಯಂದಿರಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ಹೋಗೋ ಸಾಧ್ಯತೆ ಇದೆ, ಗರ್ಭದಲ್ಲಿ, ಹೆರಿಗೇಲಿ, ಎದೆಹಾಲಲ್ಲಿ. ಟೈಮಿಗೆ ಸರಿಯಾಗಿ ಮಾತ್ರೆ ತಗೊಂಡ್ರೆ ಅದು 5ಕ್ಕಿಂತ ಕೆಳಗೆ ಬರುತ್ತೆ. ಮೊದಲೆಲ್ಲಾ ಹೆರಿಗೆ ಹೊತ್ತಿಗೆ ತಾಯಿಗೊಂದು ನೆವಿರಾಪಿನ್ ಮಾತ್ರೆ, ಮಗೂಗೆ ಒಂಚೂರು ಸಿರಪ್ಪು, ಅಷ್ಟೇ ಇದ್ದಿದ್ದು. ಮನೇಲಿ ಹೆರಿಗೆ ಆಗೋಗಿಬಿಟ್ರೆ ಅಂತ ಆ ಒಂದು ಮಾತ್ರೇನ ಸೆರಗಿಗೆ ಗಂಟು ಹಾಕಿ ಕಳ್ಸಿದ್ದೀನಿ ಒಬ್ಬಳಿಗೆ. 2012ರ ನಂತರ ಹಂತಹಂತವಾಗಿ ಬಸುರಿ ಆದಾಗಿಂದಲೇ ಜೀವನ ಪೂರ್ತಿ ಮಾತ್ರೆ ಕೊಡೋಕೆ ಹತ್ತಿದ್ರು. ಮಗೂಗೆ 6 ವಾರಕ್ಕೆ ಹಿಮ್ಮಡೀಲಿ ಚುಚ್ಚಿ ಪೇಪರ್ ಕಾರ್ಡ್ ಮೇಲೆ ರಕ್ತದ ಹನಿ ಒಣಗಿಸಿ ಕಳ್ಸೋದು, ಕೊನೇ ಟೆಸ್ಟ್ 18 ತಿಂಗಳಿಗೆ. ಆ 18 ತಿಂಗಳ ರಿಪೋರ್ಟ್ ನೆಗೆಟಿವ್ ಬಂದ ದಿನ ಪೇಢೆ ತಂದ್ಕೊಟ್ಟವರು ಇದಾರೆ ನನಗೆ, ಡಬ್ಬಿ ತುಂಬಾ ಅಲ್ಲ, ಪೇಪರಲ್ಲಿ ಸುತ್ತಿ ಎರಡೇ ಎರಡು, ಜಾಸ್ತಿ ತಂದ್ರೆ ಯಾಕೆ ಅಂತ ಬೇರೆಯೋರು ಕೇಳ್ತಾರಲ್ಲ.

ಒಂದು ಮಾತು ಮಾತ್ರ ಮರೀಬೇಡಿ. ಎಲ್ರಿಗೂ ಅಂದ್ರೆ ಕಡ್ಡಾಯ ಅಂತಲ್ಲ, ಹೇಳಿ ಒಪ್ಪಿಸಿ ಮಾಡ್ಬೇಕು, ಬೇಡ ಅನ್ನೋ ಹಕ್ಕು ಆಕೆಗಿದೆ. ರಿಸಲ್ಟನ್ನ ಅತ್ತೆಗೆ ಹೇಳೋಕೆ ನಿಮಗೂ ಹಕ್ಕಿಲ್ಲ, ನರ್ಸಿಗೂ ಇಲ್ಲ. ಒಂದು ಆಸ್ಪತ್ರೇಲಿ ಹೆರಿಗೆ ವಾರ್ಡಲ್ಲಿ ಅಂಥವರ ಫೈಲಿಗೆ ಕೆಂಪು ಸ್ಟಿಕರ್ ಅಂಟಿಸ್ತಿದ್ರು, "ನಮ್ಮ ಸೇಫ್ಟಿಗೆ" ಅಂತ. ಒಂದೇ ವಾರಕ್ಕೆ ನೆಲ ಒರೆಸೋ ಆಯಾಗೂ ಆ ಸ್ಟಿಕರ್ ಅರ್ಥ ಗೊತ್ತಾಗಿತ್ತು, ಆಮೇಲೆ ಆ ಭಾಗದ ಇಬ್ರು ಹೆಂಗಸ್ರು ಹೆರಿಗೆಗೇ ಬರ್ಲಿಲ್ಲ. ಜಗಳ ಆಡಿ ತೆಗ್ಸಿದ್ವಿ.

ಪ್ರಶ್ನೆ: ಜನರ ತೆರಿಗೆ ಹಣದಲ್ಲಿ ಲೈಂಗಿಕ ಕಾರ್ಯಕರ್ತೆಯರಿಗೆ ಕಾಂಡೋಮ್ ಹಂಚುವುದು ಆ ದಂಧೆಗೆ ಪ್ರೋತ್ಸಾಹ ಕೊಟ್ಟಂತಲ್ಲವೇ? ಆ ಹಣದಲ್ಲಿ ಶಾಲೆಗಳಲ್ಲಿ ನೀತಿ ಬೋಧನೆ ಮಾಡಿದರೆ ಆಗದೇ?
— ಹುಬ್ಬಳ್ಳಿಯ ನಿವೃತ್ತ ಶಿಕ್ಷಕರು

ಉತ್ತರ: ಗುರುಗಳೇ, ನಿಮ್ಮ ಸಿಟ್ಟು ಅರ್ಥ ಆಗುತ್ತೆ, ಆದ್ರೆ ನೀತಿ ಬೋಧನೆ ನಾವು ಮೊದಲ ಹತ್ತು ಹದಿನೈದು ವರ್ಷ ಮಾಡಿದ್ವಿ. ಗೋಡೆ ಮೇಲೆ ತಲೆಬುರುಡೆ ಚಿತ್ರ ಬರ್ದು ಏಡ್ಸ್ ಅಂದ್ರೆ ಸಾವು ಅಂತ ಹೆದ್ರಿಸಿದ್ವಿ, ಅದ್ರಿಂದ ಸೋಂಕು ಕಮ್ಮಿ ಆಗ್ಲಿಲ್ಲ, ಸೋಂಕಿದ್ದೋರು ಬಚ್ಚಿಟ್ಕೊಂಡ್ರು ಅಷ್ಟೇ. 2004ರಲ್ಲಿ ಮೈಸೂರಲ್ಲಿ ನೋಡಿದಾಗ ಲೈಂಗಿಕ ಕಾರ್ಯಕರ್ತೆಯರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸೋಂಕಿತ್ತು. ಅವರ ಹತ್ರ ಬರೋರು ಯಾರು ಹೇಳಿ, ಎಲ್ಲಾ ಮನೆ ಇರೋರೇ, ಮನೇಲಿ ಹೆಂಡ್ತಿ ಇರೋರೇ. ಗೇಟ್ಸ್ ಫೌಂಡೇಶನ್ ದುಡ್ಡಲ್ಲಿ 2003ರಲ್ಲಿ ಆವಾಹನ್ ಅಂತ ಎಚ್‌ಐವಿ ತಡೆಯೋ ಯೋಜನೆ ಶುರುವಾಯ್ತು, ಆಮೇಲೆ ಆ ಕೆಲ್ಸಾನ ಸರ್ಕಾರವೇ ವಹಿಸ್ಕೊಂಡ್ತು. ಮೈಸೂರಲ್ಲಿ ಆಶೋದಯ ಸಮಿತಿ ಅಂತ ಆ ಹೆಣ್ಮಕ್ಕಳೇ ಕಟ್ಟಿ ನಡೆಸಿದ್ರು, ಹೊರಗಿನವರು ಬಂದು ಭಾಷಣ ಮಾಡಿದ್ದಲ್ಲ. ಕಾಂಡೋಮ್ ಹಂಚೋದು ಅದರಲ್ಲಿ ಸಣ್ಣ ಭಾಗ. ಪೊಲೀಸ್ನೋರು ಪರ್ಸಲ್ಲಿ ಕಾಂಡೋಮ್ ಸಿಕ್ರೆ ಅದನ್ನೇ ಸಾಕ್ಷಿ ಮಾಡಿ ಹಿಡ್ಕೊಂಡು ಹೋಗ್ತಿದ್ದ ಕಾಲ ಅದು, ಹಾಗಿದ್ರೆ ಯಾವ ಹೆಂಗಸು ಪರ್ಸಲ್ಲಿ ಇಟ್ಕೊಳ್ತಾಳೆ? ಸ್ಟೇಷನ್ನಿಗೆ ಹೋಗಿ ಮಾತಾಡೋದು, ಗಿರಾಕಿ ಬೇಡ ಅಂದ್ರೆ ಇವಳೂ ಬೇಡ ಅನ್ನೋ ಧೈರ್ಯ ಬರಿಸೋದು, ಅದೇ ದೊಡ್ಡ ಕೆಲ್ಸ.

ನೀವು ಲೆಕ್ಕದ ಮೇಷ್ಟ್ರೋ ಏನೋ ಗೊತ್ತಿಲ್ಲ, ಲೆಕ್ಕಾನೇ ಹೇಳ್ತೀನಿ. ದೇಶದಲ್ಲಿ 2023ರ ಅಂದಾಜಿಗೆ 25 ಲಕ್ಷಕ್ಕೂ ಹೆಚ್ಚು ಜನ ಎಚ್‌ಐವಿ ಜೊತೆ ಬದುಕ್ತಿದಾರೆ, ಮಹಾರಾಷ್ಟ್ರ, ಆಂಧ್ರದ ಜೊತೆ ನಮ್ಮ ರಾಜ್ಯಾನೂ ಮುಂದಿನ ಸಾಲಲ್ಲೇ ಇದೆ. ಆದ್ರೆ ವರ್ಷಕ್ಕೆ ಹೊಸದಾಗಿ ಸೋಂಕು ತಗಲೋರ ಸಂಖ್ಯೆ 2010ಕ್ಕೆ ಹೋಲಿಸಿದ್ರೆ ಸುಮಾರು ಶೇ. 44 ಇಳಿದಿದೆ. ಇದರಲ್ಲಿ ಮಾತ್ರೆ ಪಾಲೂ ಇದೆ, ಕಾಂಡೋಮ್ ಪಾಲೂ ಇದೆ. ಒಬ್ಬರಿಗೆ ಸೋಂಕು ತಗಲಿದ್ರೆ ಸಾಯೋವರೆಗೂ ಮಾತ್ರೆ ಖರ್ಚು ಅದೇ ತೆರಿಗೇಲೇ ಹೋಗೋದು ಗುರುಗಳೇ. ಶಾಲೆ ವಿಷ್ಯ ನೀವು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ, ಬರೀ ನೀತಿ ಅಲ್ಲ, ವಿಜ್ಞಾನ ಪುಸ್ತಕದ ಸಂತಾನೋತ್ಪತ್ತಿ ಪಾಠಾನ "ಮನೇಲಿ ಓದ್ಕೊಳ್ಳಿ" ಅಂತ ಹಾರಿಸದೇ ಪಾಠ ಮಾಡಿದ್ರೂ ಸಾಕಿತ್ತು.

ಪ್ರಶ್ನೆ: ಮಗಳಿಗೆ ಗಂಡು ನೋಡ್ತಿದೀವಿ. ಮದುವೆಗೆ ಮುಂಚೆ ಎಚ್‌ಐವಿ ಟೆಸ್ಟನ್ನ ಸರ್ಕಾರ ಕಡ್ಡಾಯ ಮಾಡ್ಬಾರ್ದಾ? ನಾವೇ ಕೇಳಿದ್ರೆ ಸಂಬಂಧ ಮುರಿದು ಬೀಳುತ್ತೆ.
— ದಾವಣಗೆರೆಯ ತಂದೆ

ಉತ್ತರ: ಅಣ್ಣಾವ್ರೇ, ಕಡ್ಡಾಯ ಅಂದ ದಿನವೇ ದುಡ್ಡಿಗೆ ಸುಳ್ಳು ರಿಪೋರ್ಟ್ ಸಿಗೋ ಅಂಗಡಿ ಶುರುವಾಗುತ್ತೆ. ಮತ್ತೆ ಆ ವಿಂಡೋ ಪೀರಿಯಡ್ ಹೇಳಿದ್ನಲ್ಲ ಮೇಲೆ, ಇವತ್ತಿನ ನೆಗೆಟಿವ್ ಚೀಟಿ ನಾಳೆಗೆ ಗ್ಯಾರಂಟಿ ಅಲ್ಲ. ಒಪ್ಪಿಗೆ ಇಲ್ದೆ ಟೆಸ್ಟ್ ಮಾಡೋ ಹಾಗಿಲ್ಲ ಅಂತ ಕಾಯ್ದೇಲೂ ಇದೆ. ನೀವು ಕೇಳೋ ಬದ್ಲು ಮಗಳಿಗೆ ಹೇಳಿ, ಅವರಿಬ್ರೂ ಮಾತಾಡ್ಕೊಂಡು ಬ್ಲಡ್ ಗ್ರೂಪು, ಥಲಸ್ಸೀಮಿಯಾ, ಎಚ್‌ಐವಿ ಎಲ್ಲಾ ಒಟ್ಟಿಗೆ ಇಬ್ರೂ ಮಾಡಿಸ್ಕೊಳ್ಳಲಿ, ಇಬ್ರೂ ಅನ್ನೋದು ಮುಖ್ಯ. ಜಾತಕ ಕೇಳೋಕೆ ಬಾರದ ನಾಚಿಕೆ ಇದಕ್ಯಾಕೆ ಅಂತ.

ಪ್ರಶ್ನೆ: ಅಕ್ಕಾ ನಂದು ಯಾದಗಿರಿ ಕಡೆ. 5 ವರ್ಷದಿಂದ ಮಾತ್ರೆ ತಗೋತೀನಿ. ಈಗ ಬೆಂಗಳೂರಾಗ ಬಿಲ್ಡಿಂಗ್ ಕೆಲ್ಸ, ಶೆಡ್ಡಿನಾಗ ಹತ್ತು ಮಂದಿ ಕೂಡಿ ಇರ್ತೀವಿ. ಪ್ರತಿ ಸಲ ಮಾತ್ರೆಗೆ ಊರಿಗೆ ಹೋದ್ರ ಎರಡು ದಿನದ ಪಗಾರ ಹೋಗ್ತೈತಿ, ಹೋದ ತಿಂಗಳ ಹೋಗ್ಲಿಲ್ಲ. ನಂದ್ರಿಂದ ಹೆಂಡ್ತಿಗೆ ಬರ್ತೈತೇನು ಅಂತ ಹೆದ್ರಿಕಿ.

ಉತ್ತರ: ತಮ್ಮಾ, ಈ ಪತ್ರನ ಸಂಪಾದಕರು ನನಗೆ ಕೊಟ್ಟ ದಿನವೇ ನಿಮಗೆ ಫೋನ್ ಮಾಡಿದ್ದೀನಿ, ನಿಮ್ಮಂಥೋರು ಇನ್ನೂ ಇದಾರೆ ಅಂತ ಇಲ್ಲೂ ಬರೀತೀನಿ. ಊರಿಗೆ ಹೋಗೋದು ಬೇಕಿಲ್ಲ. ನಿಮಗೆ ಮಾತ್ರೆ ಕೊಡೋ ಎಆರ್‌ಟಿ ಸೆಂಟರಿಗೆ ಫೋನ್ ಮಾಡಿ ಟ್ರಾನ್ಸ್‌ಫರ್ ಕೇಳಿ, ಹಸಿರೋ ಬಿಳಿನೋ ನಿಮ್ಮ ಬುಕ್ಕು ಜೊತೇಲಿರಲಿ, ಬೆಂಗಳೂರಲ್ಲಿ ಸುಮಾರು ಸೆಂಟರ್ ಇದಾವೆ. 2004ರ ಏಪ್ರಿಲ್ 1ಕ್ಕೆ ದೇಶದಲ್ಲಿ ಫ್ರೀ ಮಾತ್ರೆ ಶುರುವಾದ ಮೊದಲ ಎಂಟು ಕಡೆಗಳಲ್ಲಿ ಇಲ್ಲಿನ ಬೌರಿಂಗ್ ಆಸ್ಪತ್ರೆನೂ ಒಂದು. ಆಗೆಲ್ಲಾ ಸಿಡಿ4, ಅಂದ್ರೆ ರೋಗ ತಡೆಯೋ ರಕ್ತಕಣದ ಲೆಕ್ಕ, ಕೆಳಗಿಳಿಯೋವರೆಗೂ ಕಾಯಿಸ್ತಿದ್ರು, 2017ರಿಂದ ಪಾಸಿಟಿವ್ ಅಂದ ಕೂಡ್ಲೇ ಶುರು, ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ. ಬಿಡದೇ ತಗೊಂಡು ವೈರಲ್ ಲೋಡ್ ಟೆಸ್ಟಲ್ಲಿ ವೈರಸ್ ಕಾಣದಷ್ಟು ಇಳಿದು ಹಾಗೇ ನಿಂತ್ರೆ ಸೆಕ್ಸಿನಿಂದ ಹೆಂಡ್ತಿಗೆ ಹೋಗಲ್ಲ. ಒಂದು ತಿಂಗಳು ಬಿಟ್ಟಿದ್ದೀರಲ್ಲ, ಹಾಗಾಗಿ ಮತ್ತೆ ಶುರು ಮಾಡಿ ಆ ಟೆಸ್ಟ್ ಆಗೋವರೆಗೂ ಕಾಂಡೋಮ್ ಬಳಸಿ, ಹೆಂಡ್ತಿಗೂ ಒಂದ್ಸಲ ಟೆಸ್ಟ್ ಮಾಡ್ಸಿ.

ಶೆಡ್ಡಲ್ಲಿ ಹತ್ತು ಜನ ಅಂದ್ರಲ್ಲ, ಡಬ್ಬಿ ಬ್ಯಾಗಲ್ಲಿ ಗಲಗಲ ಅಂದ್ರೆ ಎಲ್ರೂ ತಿರುಗಿ ನೋಡ್ತಾರೆ. ನಮ್ಮಲ್ಲಿ ಬರ್ತಿದ್ದೋರು ಡಬ್ಬಿ ಮೇಲಿನ ಚೀಟಿ ಕಿತ್ತು, ಒಳಗೆ ಹತ್ತಿ ತುರುಕಿ ಒಯ್ತಿದ್ರು, ಸದ್ದು ಬರಲ್ಲ. ಸೆಂಟರಲ್ಲೇ ಕೇಳಿ, ನರ್ಸು ಹತ್ತಿ ಕೊಡ್ತಾರೆ.